ಅವ್ವನ ಕೆಳದವಡೆ ಸಂಸ್ಥಾನ

ಸೆಪ್ಟೆಂಬರ್ 3, ಬುಧವಾರ

ಸ್ವಸ್ತಿ ಶ್ರೀ ಸಮಸ್ತ ಗೊಬ್ಬರ ಕುಲಾಲಂಕಾರ, ಯೂರಿಯಾ ಪೊಟ್ಯಾಷ್ ಪರಿಮಳ ಶೋಭಿತ, ಪಿರಿಯಾಪಟ್ಟಣದ ಗೊಬ್ಬರದಂಗಡಿಯಿಂದ ಯುಗಾದಿಗೆ ಪುಕ್ಕಟೆಯಾಗಿ ಅವತರಿಸಿ ಇಂದಿನವರೆಗೆ ನಮ್ಮ ಅಟ್ಟದ ಮೇಲೆ ಘೋರ ತಪಸ್ಸು ಮಾಡುತ್ತಿದ್ದ, ಖಾಲಿ ಹಾಳೆಗಳ ಒಡೆಯರಾದ ಶ್ರೀ ಶ್ರೀ ಶ್ರೀ ಡೈರಿ ಮಹಾಸ್ವಾಮಿಗಳ ಪಾದಾರವಿಂದಗಳಿಗೆ, ನಂಜಣ್ಣನವರ ಏಕೈಕ ಪುತ್ರನೂ, ಡಿಗ್ರಿ ಮುಗಿಸಿ ಅಪ್ಪನ ಹೊಲದಲ್ಲಿ ಸರ್ವಾಧಿಕಾರಿಯಾಗಿ ಹೊಗೆಸೊಪ್ಪು ಹೊರುತ್ತಿರುವವನೂ, ಊರವರಿಂದ ತರಲೆ ಎಂಬ ಬಿರುದು ಪಡೆದವನೂ ಆದ ಶರತ್ ಎಂಬವನು ಸಾಷ್ಟಾಂಗವೆರಗಿ ಬಿನ್ನವಿಸಿಕೊಳ್ಳುವುದೇನೆಂದರೆ: ಇಂದು ಮಧ್ಯಾಹ್ನ ನಾನು ನನ್ನ ಅವ್ವನ ಹಲ್ಲು ಅಲ್ಲಾಡಿಸಿದೆ.

ಹೊಡೆದಲ್ಲ. ಪ್ರಸಾದ ಕೊಟ್ಟು.

ಅಂಗಡಿಯಿಂದ ಒಂದು ಕಮರ್‌ಕಟ್ಟು ತಂದೆ. ಬೆಲ್ಲದ ಆ ಉಂಡೆ ಗೋಲಿಗಿಂತ ಗಟ್ಟಿ. ಅದಕ್ಕೆ ಚೂರು ಕುಂಕುಮ ಸವರಿ, ಬಾಳೆಲೆಯ ತುಂಡಿನ ಮೇಲಿಟ್ಟುಕೊಂಡು, ಜಗಲಿಯಲ್ಲಿ ಕೂತು ಹೊಗೆಸೊಪ್ಪು ಕಟ್ಟುತ್ತಿದ್ದ ಅವ್ವನ ಮುಂದೆ ಮಂಡಿಯೂರಿದೆ.

"ಅವ್ವಾ, ಗಣಪತಿ ಪೆಂಡಾಲಿನ ವಿಶೇಷ ಪ್ರಸಾದ. ಕಚ್ಚೇ ತಿನ್ಬೇಕು. ಚೀಪುದ್ರೆ ಮನೆಗೆ ದೋಷ."

"ಯಾರ್ಲಾ ಹೇಳಿದ್ದು?"

"ಪೂಜಾರಪ್ಪ."

"ಪೂಜಾರಪ್ಪಂಗೂ ನಿಂಗೂ ಮಾಡಾಕ್ ಕೆಲ್ಸ ಇಲ್ಲ" ಎಂದಳು. ಅವಳಿಗೆ ಗೊತ್ತಿತ್ತು. ನನ್ನ ತರಲೆಗಳೆಲ್ಲ ಅವಳಿಗೆ ಮೊದಲೇ ಗೊತ್ತಾಗುತ್ತವೆ, ಆದರೂ ಆಟ ಕೆಡಿಸುವವಳಲ್ಲ. ಉಂಡೆಯನ್ನು ಕಣ್ಣಿಗೊತ್ತಿಕೊಂಡು ಮುಂದಿನ ಹಲ್ಲಿನಲ್ಲಿ ಕಟಕ್ಕೆಂದು ಕಚ್ಚಿದಳು. ಆಮೇಲೆ ನಗಲಿಲ್ಲ. ಬಾಯಿಂದ ಹೊರಗೆ ತೆಗೆದಳು. ಉಂಡೆಯ ಮೇಲೆ ನನ್ನ ಕುಂಕುಮಕ್ಕಿಂತ ಕೆಂಪಾದದ್ದು ಅಂಟಿತ್ತು.

ಕುಳ್ಳಮ್ಮಜ್ಜಿ ಓಡಿ ಬಂದಳು. ಅಪ್ಪನ ತಾಯಿ. ಬಾಯಲ್ಲಿ ಒಂದೂ ಹಲ್ಲಿಲ್ಲದ ಅನುಭವಸ್ಥೆ. "ಎಲ್ಲಿ, ಬಾಯ್ ತೆಗಿ" ಎಂದು ಬೆರಳು ಹಾಕಿ ನೋಡಿದಳು.

"ಕೆಳಗಿನ್ ಎಲ್ಡು ಅಲ್ಲಾಡ್ತಾವೆ ಕಣವ್ವ. ಓಯ್ತವೆ ಬುಡು. ಈ ಮನೇಲಿ ಯಾರ್ ಹಲ್ಲು ನಿಂತದೆ?" ಆಮೇಲೆ ನನ್ನ ಕಡೆ ತಿರುಗಿ, "ನಿನ್ ಆಟಕ್ಕಿಷ್ಟು ಬೆಂಕಿ ಆಕ!"

ಅವ್ವ ಬಾಯಿ ಮುಕ್ಕಳಿಸಿ, ಸೆರಗನ್ನು ತುಟಿಗೆ ಅಡ್ಡ ಹಿಡಿದು, ಮತ್ತೆ ಸೊಪ್ಪು ಕಟ್ಟಲು ಕೂತಳು. ನನಗೆ ಒಂದು ಮಾತೂ ಅನ್ನಲಿಲ್ಲ. ನಾಲ್ಕು ಬೈದಿದ್ದರೆ ಮಹಾಸ್ವಾಮಿಗಳ ತಪಸ್ಸು ಕೆಡಿಸುತ್ತಿರಲಿಲ್ಲ. ಈ ಮನೆಯಲ್ಲಿ ನನ್ನ ತರಲೆಗೆ ನಗುವವಳು ಅವಳೊಬ್ಬಳೇ.

ಸೆಪ್ಟೆಂಬರ್ 4, ಗುರುವಾರ

ಶುಭವಾರ್ತೆ. ಅಜ್ಜಿ ತನ್ನ ಡಬ್ಬಿ ಬಿಚ್ಚಿ ಒಂದು ಚಿಟಿಕೆ ಕಡ್ಡಿಪುಡಿಯನ್ನು ಅವ್ವನ ವಸಡಿಗೆ ಒತ್ತಿದ್ದಾಳೆ. ಕಡ್ಡಿಪುಡಿ ಎಂದರೆ ಹೊಗೆಸೊಪ್ಪಿನ ಪುಡಿ. ಅತ್ತೆ ಸೊಸೆ ಇಬ್ಬರೂ ಎಲೆಯಡಿಕೆಯ ಜೊತೆ ಹಾಕಿಕೊಳ್ಳುವುದು. ನೋವು ಮಾಯ. ಆರೋಪಿಗೆ ಜಾಮೀನು ಸಿಕ್ಕಿದೆ.

ಆದರೂ ಏನಾದರೂ ನೆಪ ಮಾಡಿಕೊಂಡು ಜಗಲಿಗೆ ಹೋಗಿ ಬರುತ್ತಿದ್ದೇನೆ. ಕೊನೆಗೆ ಅವ್ವನೇ, "ನನ್ ಬಾಯಿ ಏನ್ ಟಿವಿನೇನ್ಲಾ? ಓಗು, ಬ್ಯಾರನ್ ತಾವ ನಿಮ್ಮಪ್ಪ ಒಬ್ನೇ ಅವ್ನೆ" ಎಂದಳು. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಮನೆ.

ಸೆಪ್ಟೆಂಬರ್ 10, ಬುಧವಾರ

ಇಂದು ಬ್ಯಾರನ್‌ನಲ್ಲಿ ಬೆಂದ ಸೊಪ್ಪು ಇಳಿಸಿದೆವು. ಸೊಪ್ಪು ಇಳಿಸಿದ ದಿನ ಆಳುಗಳಿಗೂ ಮನೆಯವರಿಗೂ ಕೋಳಿಸಾರು, ನಮ್ಮನೆಯ ಕಾನೂನು.

ಅವ್ವ ಎಲ್ಲರಿಗೂ ಬಡಿಸಿ ಕೊನೆಗೆ ಕೂತಳು. ಪಾತ್ರೆಯಲ್ಲಿ ಒಳ್ಳೆಯ ತೊಡೆಯ ಪೀಸು ಉಳಿದಿತ್ತು. ಅದನ್ನು ಎತ್ತಿ ನನ್ನ ತಟ್ಟೆಗೆ ಹಾಕಿದಳು. ಹಾಕುವುದೇನು ಹೊಸದಲ್ಲ. ನಾನು ಅದನ್ನು ತಾಯಿಪ್ರೇಮ ಎಂಬ ಖಾತೆಗೆ ಜಮಾ ಮಾಡಿಕೊಂಡು ವರ್ಷಗಳಿಂದ ತಿನ್ನುತ್ತಾ ಬಂದಿದ್ದೇನೆ. ಇಂದು ನನಗೇಕೋ ಅನುಮಾನ ಬಂದು, "ನೀನ್ ತಿನ್ನವ್ವ" ಎಂದು ವಾಪಸ್ ಹಾಕಿದೆ.

"ಬ್ಯಾಡ ಕಣಪ್ಪ, ನಂಗ್ ಸಾರೇ ಸಾಕು."

"ಒಂದ್ ತುತ್ತು."

"ಬ್ಯಾಡ ಅಂದ್ನಲ್ಲ!"

ಆ ದನಿ ಕೇಳಿ ಅಪ್ಪ ಕೂಡ ತಲೆ ಎತ್ತಿದ. ಅವ್ವ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಕ್ಕೆಂದು ನುಂಗಿದಳು. ಮುದ್ದೆ ನುಂಗುವ ಪದಾರ್ಥ. ನಾವೆಲ್ಲ ನುಂಗುತ್ತೇವೆ. ಹಾಗಾಗಿ ಯಾರು ಅಗಿಯಬಲ್ಲರು, ಯಾರು ಅಗಿಯಲಾರರು ಎಂದು ಮುದ್ದೆ ಉಣ್ಣುವ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಕಡಲೆಕಾಯಿ ಹುರಿದಾಗ ಅವ್ವ ಸಿಪ್ಪೆ ಬಿಡಿಸಿ ನಮಗೆ ಕೊಡುತ್ತಾಳೆ, ತಾನು ತಿನ್ನುವುದಿಲ್ಲ. ಕಬ್ಬು ತಂದರೆ "ಶೀತ ಆಯ್ತದೆ" ಅನ್ನುತ್ತಾಳೆ. ಸೀಬೆಹಣ್ಣು ಮೆತ್ತಗಾಗಿದ್ದರೆ ಮಾತ್ರ. ಕಮರ್‌ಕಟ್ಟಿಗಿಂತ ಎಷ್ಟು ಹಿಂದಿನಿಂದ ಇದು?

ಪೀಸು ತಟ್ಟೆಯಲ್ಲೇ ಬಿಟ್ಟು ಎದ್ದೆ. ನಾಯಿಗೆ ಲಾಭವಾಯಿತು.

ಸೆಪ್ಟೆಂಬರ್ 12, ಶುಕ್ರವಾರ

ಮಹಾಸ್ವಾಮಿ, ಇಂದು ರಾಜತಾಂತ್ರಿಕ ವಿಜಯ.

ಡಾಕ್ಟರ ಹತ್ತಿರ ಹೋಗೋಣವೆಂದರೆ ಅವ್ವ "ಸೊಪ್ಪು ಕಟ್ಟೋರ್ಯಾರು ನಿಮ್ಮಜ್ಜಿಯಾ?" ಎಂದು ಒಂದೇ ಏಟಿಗೆ ಮುಗಿಸಿದಳು. ಹಾಗಾಗಿ ಬೆಳಿಗ್ಗೆ ನಾನೇ ಕೆನ್ನೆಗೆ ಟವೆಲ್ ಸುತ್ತಿಕೊಂಡು, ಹಾಸಿಗೆಯಲ್ಲಿ ಹೊರಳಾಡಿ, "ಅವ್ವಾ, ಹಲ್ಲೂ..." ಎಂದು ಅರಚಿದೆ. ಅವ್ವ ಸೀರೆ ಕೂಡ ಬದಲಿಸದೆ ನನ್ನನ್ನು ಬಸ್ಸಿಗೆ ಹತ್ತಿಸಿದಳು. ಪಿರಿಯಾಪಟ್ಟಣದವರೆಗೆ ನಾನು ನರಳಿದೆ. ಪಕ್ಕದ ಸೀಟಿನವರು ಲವಂಗ ಇಡಲು ಹೇಳಿದರು, ಹಿಂದಿನ ಸೀಟಿನವರು ಕೀಳಿಸಿ ಬಿಸಾಕಲು ಹೇಳಿದರು, ಕಂಡಕ್ಟರ್ ನನ್ನನ್ನು ಕಿಟಕಿ ಪಕ್ಕ ಕೂರಿಸಿದ. ಅವ್ವ ನನ್ನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಿದ್ದಳು. ಆ ಹೊತ್ತಿಗೆ ನನಗೆ ನಿಜವಾಗಿಯೂ ಎಲ್ಲೋ ನೋಯುತ್ತಿತ್ತು.

ಬಸ್ ಸ್ಟ್ಯಾಂಡಿನ ಹಿಂದೆ ಡಾಕ್ಟರ್ ಪದ್ಮಶ್ರೀ ಎಂಬವರ ಕ್ಲಿನಿಕ್. ಚಿಕ್ಕ ವಯಸ್ಸಿನವರು. "ಯಾರಿಗೆ ತೊಂದ್ರೆ?" ಎಂದರು. ನಾನು ಟವೆಲ್ ಬಿಚ್ಚಿ ಮಡಿಸಿ, ಕೈ ಮುಗಿದು, "ಇವರಿಗೆ ಮೇಡಂ" ಎಂದು ಅವ್ವನನ್ನು ತೋರಿಸಿದೆ.

"ಅಯ್ಯೋ ನಿನ್ ಬಾಯ್ಗ್ ಮಣ್ಣಾಕ!" ಅವ್ವ ಎದ್ದೇಬಿಟ್ಟಳು. ಆದರೆ ಡಾಕ್ಟರು ನಗುತ್ತಾ ಅವಳ ಕೈ ಹಿಡಿದು ಕುರ್ಚಿಗೆ ಕೂರಿಸಿದರು. ಪಟ್ಟಣದವರ ಕೈ ಕೊಸರಿಕೊಂಡು ಹೋಗುವಷ್ಟು ಒರಟಳಲ್ಲ ಅವ್ವ.

ಕನ್ನಡಿ ಹಾಕಿ ಬಹಳ ಹೊತ್ತು ನೋಡಿದರು. ಎಕ್ಸ್‌ರೇ ತೆಗೆದರು. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿ ಬೆರಳು ಚುಚ್ಚಿ ನೋಡಿದರು, ಇಲ್ಲ. ನಾನು ತಡೆಯಲಾರದೆ ಕಮರ್‌ಕಟ್ಟಿನ ಅಪರಾಧವನ್ನು ಒಪ್ಪಿಕೊಂಡೆ.

"ಒಂದು ಕಮರ್‌ಕಟ್ಟಿಂದ ಆಗಿರೋದಲ್ಲಪ್ಪ ಇದು. ವರ್ಷಗಟ್ಲೆ ಕೊಳೆ ಹಲ್ಲಿನ ಬುಡದಲ್ಲಿ ಕೂತು ಗಾರೆ ಥರ ಗಟ್ಟಿಯಾಗಿದೆ. ವಸಡು ಬಿಟ್ಕೊಂಡು ಕೆಳಗೆ ಸರಿದಿದೆ, ಒಳಗೆ ಮೂಳೆನೂ ಸವೆದಿದೆ. ಅಮ್ಮಾ, ಹಲ್ಲುಜ್ಜುವಾಗ ರಕ್ತ ಬರ್ತಿತ್ತಾ?"

"ಬತ್ತಿತ್ತು ಕಣಮ್ಮ. ಅದ್ಕೇ ಆ ಕಡೆ ಉಜ್ಜೋದ್ ಬುಟ್ಟುಬುಟ್ಟೆ. ನಮ್ಮತ್ತೆಮ್ಮನೂ ಅಂಗೇ ಏಳಿದ್ರು, ರಕ್ತ ಬರೋ ತಾವ ಕೆಣಕಬಾರ್ದು ಅಂತ."

"ಎಷ್ಟು ದಿನ ಆಯ್ತು?"

ಅವ್ವ ಯೋಚಿಸಿದಳು. "ಇವ್ನು ಹೈಸ್ಕೂಲಲ್ಲಿದ್ದ."

"ಅಗಿಯೋಕೆ ಕಷ್ಟ ಆಗ್ಲಿಲ್ವಾ?"

"ಮುದ್ದೆ ಉಣ್ಣೋರ್ಗೆ ಅಗಿಯೋ ಕೆಲ್ಸ ಏನದೆ ಬುಡಮ್ಮ."

ಡಾಕ್ಟರು ನಗಲಿಲ್ಲ. "ರಕ್ತ ಬರೋ ಜಾಗಾನೇ ಉಜ್ಜಬೇಕಮ್ಮ. ಕೊಳೆ ಇರೋದ್ರಿಂದಲೇ ರಕ್ತ. ಮೆತ್ತನೆ ಬ್ರಷ್ಷು, ವಸಡಿನ ಅಂಚಿಗೆ ಸ್ವಲ್ಪ ಓರೆಯಾಗಿ ಹಿಡಿದು, ಮೆಲ್ಲಗೆ. ಬೆಳಿಗ್ಗೆ ಒಂದ್ಸಲ, ರಾತ್ರಿ ಊಟ ಆದ್ಮೇಲೆ ಒಂದ್ಸಲ. ಹಲ್ಲಿನ ಸಂದಿಗೆ ಪುಟ್ಟ ಬ್ರಷ್ ಕೊಡ್ತೀನಿ. ಮತ್ತೆ, ಕಡ್ಡಿಪುಡಿ ಹಾಕ್ತೀರಾ?"

ಅವ್ವ ಗೋಡೆಯ ಕ್ಯಾಲೆಂಡರ್ ನೋಡಿದಳು.

"ಅದು ನೋವು ಮುಚ್ಚಿಡುತ್ತೆ ಅಷ್ಟೆ. ಒಳಗೆ ಕಾಯಿಲೆ ತನ್ನ ಕೆಲಸ ಮಾಡ್ತಾನೇ ಇರುತ್ತೆ. ಬಿಡ್ಲೇಬೇಕು."

ಆಮೇಲೆ ಯಂತ್ರ ಹಾಕಿ ಕೆಳಗಿನ ಸಾಲನ್ನೆಲ್ಲ ಶುಚಿ ಮಾಡಿದರು. ಅವ್ವನ ಕೈ ನನ್ನ ಅಂಗಿ ತುದಿಯನ್ನು ಹಿಡಿದೇ ಇತ್ತು. ಕೊನೆಗೆ ತೀರ್ಪು: ದೀಪಾವಳಿ ಕಳೆದ ಮೇಲೆ ಬರಬೇಕು. ವಸಡು ಬಿಗಿಯಾಗಿದ್ದರೆ ಅಲ್ಲಾಡುವ ಎರಡನ್ನೂ ಉಳಿಸಲು ನೋಡುತ್ತಾರೆ. ಇಲ್ಲವಾದರೆ ಕೀಳುವುದು, ಪಕ್ಕದವೂ ಅದೇ ದಾರಿಯಲ್ಲಿವೆ.

ನಾನು ಅಧಿಕೃತವಾಗಿ ಖುಲಾಸೆ. ಖುಷಿಯಾಗಬೇಕಿತ್ತು. ನನ್ನ ಕೈವಾಡವಿದ್ದರೆ ಒಂದೇ ದಿನದ ತಪ್ಪು ಎನ್ನಬಹುದಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಎಂದರೆ ಏನೆನ್ನುವುದು?

ಸೆಪ್ಟೆಂಬರ್ 13, ಶನಿವಾರ

ಅನಾಹುತ. ನಿನ್ನೆಗಿಂತ ಇಂದು ಹೆಚ್ಚು ಅಲ್ಲಾಡುತ್ತಿವೆ. ಮೊದಲು ಇಲ್ಲದ ಸಂದಿ ಕಾಣಿಸುತ್ತಿದೆ. ಅವ್ವ ಕನ್ನಡಿ ಹಿಡಿದು ನೋಡಿ ಕನ್ನಡಿಯನ್ನು ಮಗುಚಿಟ್ಟಳು.

"ಗಾರೆ ಕೆರೆದಾಕುದ್ರೆ ಗ್ವಾಡೆ ನಿಂತದೇನ್ಲಾ?" ಅಪ್ಪ ಕೂಗಾಡಿದ. "ಸುಮ್ಕಿದ್ದೋಳ್ನ ಕರ್ಕೊಂಡೋಗಿ ಇದ್ದಿದ್ದೂ ಕಳ್ದೆ." ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ಅವ್ವನ ಪಕ್ಕದಲ್ಲಿಟ್ಟಳು, ಅಷ್ಟೆ.

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಡಾಕ್ಟರು, ಆ ಕೊಳೆಯೇ ಹಲ್ಲನ್ನು ಹಿಡಿದುಕೊಂಡ ಹಾಗೆ ಕಾಣುತ್ತಿತ್ತು, ಊತ ಇಳಿದಾಗ ಸಂದಿ ಕಾಣುತ್ತದೆ, ಉಜ್ಜುವುದನ್ನು ಮಾತ್ರ ನಿಲ್ಲಿಸಬೇಡಿ ಎಂದರು. ಅದನ್ನೇ ಅವ್ವನಿಗೆ ಹೇಳಿದೆ.

ಅವ್ವ ಉಜ್ಜಲಿಲ್ಲ. ಹೊಸ ಬ್ರಷ್ಷು ಕವರಿನಲ್ಲೇ ಇದೆ.

ಸೆಪ್ಟೆಂಬರ್ 17, ಬುಧವಾರ

ಅವ್ವ ನಾಲ್ಕು ದಿನ ಬ್ರಷ್ಷು ಮುಟ್ಟಲಿಲ್ಲ. ನಾನು ವಿನಂತಿ, ಮನವಿ, ಆಗ್ರಹ, ಕಾಲಿಗೆ ಬೀಳುವುದು, ಉಪವಾಸ ಎಲ್ಲವನ್ನೂ ಪ್ರಯೋಗಿಸಿದೆ. ಉಪವಾಸ ಮಧ್ಯಾಹ್ನದವರೆಗೆ ಮಾತ್ರ ಸಾಗಿತು, ಏಕೆಂದರೆ ಅವ್ವ ಹುರುಳಿ ಬಸ್ಸಾರು ಮಾಡಿದ್ದಳು.

ಅಜ್ಜಿಯದು ಒಂದೇ ಮಾತು: "ಈ ಮನೇಲಿ ಹಲ್ಲು ನಿಲ್ಲಾಕಿಲ್ಲ ಕಣ್ಲಾ. ನಮ್ ರಕ್ತದಲ್ಲೇ ಅದೆ. ನಿಮ್ ತಾತಂದು ಓಯ್ತು, ನಂದು ಓಯ್ತು, ನಿಮ್ಮಪ್ಪಂದು ಅರ್ಧ ಓಗದೆ."

ಹಾಸಿಗೆಯಲ್ಲಿ ಬಿದ್ದುಕೊಂಡು ಅದನ್ನೇ ಯೋಚಿಸುತ್ತಿದ್ದಾಗ ಹೊಳೆಯಿತು. ಅಜ್ಜಿ ಈ ಮನೆಗೆ ಬಂದವಳು ಹುಣಸೂರು ಕಡೆಯಿಂದ. ಅವ್ವ ಬಂದವಳು ಹೆಗ್ಗಡದೇವನಕೋಟೆಯಿಂದ. ಇಬ್ಬರದೂ ಈ ಮನೆಯ ರಕ್ತವಲ್ಲ!

ಇಂದು ಸಂಜೆ ಎಲ್ಲರೂ ಜಗಲಿಯಲ್ಲಿದ್ದಾಗ ಕೋಟೆಯ ಅಜ್ಜಿಗೆ, ಅಂದರೆ ಅವ್ವನ ತಾಯಿಗೆ, ಫೋನ್ ಮಾಡಿ ಸ್ಪೀಕರ್ ಹಾಕಿದೆ. ಆ ಕಡೆಯಿಂದ ಕಟಕಟ ಸದ್ದು.

"ಏನಜ್ಜಿ ತಿಂತಿದ್ದೀಯ?"

"ಹುರುದ್ ಕಡ್ಲೆ ಕಣಪ್ಪ. ಯಾಕ್ಲಾ ಮಗ, ಎಲ್ಲಾ ಚೆಂದಾಕಿದ್ದೀರಾ?"

"ನಮ್ಮವ್ವಂದು ಹಲ್ಲು ಚಿಕ್ಕೋಳಿದ್ದಾಗ ಹೆಂಗಿತ್ತಜ್ಜಿ?"

"ಜಯಂದಾ? ಅಯ್ಯೋ, ಕಬ್ಬಿನ್ ಜಲ್ಲೆ ಸಿಗಿದ್ ಬಿಸಾಕೋಳು! ಅವ್ರಪ್ಪ ತೆಂಗಿನ್‌ಕಾಯ್ ಸುಲಿಯಾಕೆ ಇವಳ್ನೇ ಕರಿಬೋದು ಅನ್ನೋರು." ಆಮೇಲೆ ಅಜ್ಜಿಯ ನಗು.

ಫೋನ್ ಇಟ್ಟೆ. ಇದು ರಕ್ತದ ವಿಷಯವಲ್ಲ, ನಮ್ಮ ಬಚ್ಚಲ ವಿಷಯ ಎಂದು ಭಾಷಣ ಮಾಡಲು ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವ್ವ ಎದ್ದು ಒಳಗೆ ಹೋದಳು. ಕವರು ಹರಿದ ಸದ್ದು ಕೇಳಿಸಿತು.

ಊಟವಾದ ಮೇಲೆ ಬಚ್ಚಲ ಬಾಗಿಲಲ್ಲಿ ಟಾರ್ಚು ಹಿಡಿದು ನಿಂತೆ. ಮೊದಲ ಉಗುಳು ಪೂರ್ತಿ ಕೆಂಪು. ಅವ್ವ ನನ್ನ ಮುಖ ನೋಡಿದಳು. "ಅಲ್ಲೇ ಉಜ್ಜವ್ವ, ಮೆಲ್ಲಕೆ" ಎಂದೆ. ಧೈರ್ಯವಾಗಿ ಹೇಳಿದೆ ಎಂದುಕೊಂಡಿದ್ದೇನೆ.

ಸೆಪ್ಟೆಂಬರ್ 19, ಶುಕ್ರವಾರ

ಬ್ರಷ್ಷು ಹಿಡಿದಳು, ಆದರೆ ಕಡ್ಡಿಪುಡಿ ಬಿಟ್ಟಿಲ್ಲ. ಇಂದು ಸೊಪ್ಪು ಕಟ್ಟುವಾಗ ಹಿಡಿದೆ. ಬೈಯಲು ಬಾಯಿ ತೆರೆದೆ.

"ನಿಂಗ್ ಗೊತ್ತಿಲ್ಲ ಕಣ್ಲಾ" ಎಂದಳು ಮೆಲ್ಲಗೆ. "ನಾನ್ ಈ ಮನೆಗ್ ಬಂದಾಗ ಹೊಗೆಸೊಪ್ ಕಂಡೋಳೇ ಅಲ್ಲ. ವಾಸ್ನೆಗೆ ತಲೆ ತಿರುಗೋದು, ವಾಂತಿ. ಕೈಯೆಲ್ಲ ಕರೀ ಅಂಟು. ಮೂಲೇಲಿ ಕೂತು ಅಳ್ತಿದ್ದೆ. ನಿಮ್ಮಜ್ಜಿ ಅಲ್ಲೀಗಂಟ ನನ್ ತಾವ ನೆಟ್ಟಗ್ ಮಾತಾಡಿರ್ನಿಲ್ಲ. ಅವತ್ತು ಬಂದು ಪಕ್ಕದಲ್ಲಿ ಕೂತ್ಕಂಡು, ತಗಳವ್ವ ಅಂತ ಒಂದ್ ಚಿಟ್ಕೆ ಕೊಟ್ರು. ಈಗ ಎಂಗ್ಲಾ ಬ್ಯಾಡ ಅನ್ಲಿ?"

ಇದಕ್ಕೆ ಡಾಕ್ಟರು ಏನೂ ಬರೆದುಕೊಟ್ಟಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಮಹಾಲಯ ಅಮಾವಾಸ್ಯೆ. ಸತ್ತ ಹಿರಿಯರಿಗೆ ಎಡೆ ಇಡುವ ದಿನ. ತಾತನ ಎಡೆಗೆ ಮಾಂಸ, ಮುದ್ದೆ, ವಡೆ, ಪಂಚೆ, ಬೀಡಿ, ಜೊತೆಗೆ ಅಜ್ಜಿಯ ಡಬ್ಬಿಯಿಂದ ಒಂದು ಚಿಟಿಕೆ ಕಡ್ಡಿಪುಡಿ. ಹಲ್ಲಿಲ್ಲದೆ ಹೋದ ತಾತ ಅಲ್ಲಿ ವಡೆ ಹೇಗೆ ತಿನ್ನುತ್ತಾನೆ ಎಂದು ಕೇಳಿದ್ದಕ್ಕೆ ಅಪ್ಪ ಸೌಟು ಎತ್ತಿದ.

ಊಟವಾದ ಮೇಲೆ ಅತ್ತೆ ಸೊಸೆ ಜಗಲಿಗೆ ಬಂದರು. ಅಜ್ಜಿ ಡಬ್ಬಿ ತೆಗೆದು ಒಂದು ಚಿಟಿಕೆಯನ್ನು ಅವ್ವನ ಅಂಗೈಗೆ ಹಾಕಿದಳು. ನಾನು ಕಂಬದ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅವ್ವ ಅದನ್ನು ತೆಗೆದುಕೊಂಡು, ಮುಷ್ಟಿ ಮುಚ್ಚಿದಳು. ಬಾಯಿಗೆ ಹಾಕಲಿಲ್ಲ. ಹಾಗೇ ಕೂತು ಈ ಸಲದ ಸೊಪ್ಪಿಗೆ ಹರಾಜಿನಲ್ಲಿ ಏನು ರೇಟು ಸಿಗಬಹುದು, ಹಸು ಯಾವಾಗ ಈಯಬಹುದು ಎಂದೆಲ್ಲ ಬಹಳ ಹೊತ್ತು ಮಾತಾಡಿದಳು. ಅಜ್ಜಿ ಎದ್ದು ಒಳಗೆ ಹೋದ ಮೇಲೆ ತೊಟ್ಟಿಯ ಹತ್ತಿರ ಹೋಗಿ ಮುಷ್ಟಿ ಬಿಚ್ಚಿದಳು. ಬೆವರಿಗೆ ಅಂಗೈಯೆಲ್ಲ ಕಂದು ಬಣ್ಣವಾಗಿತ್ತು.

ಅವಳು ಕೈ ತೊಳೆಯುತ್ತಿದ್ದಾಗ ಅಜ್ಜಿ ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದಳು. ನನ್ನನ್ನು ಕಂಡು, "ಏನ್ಲಾ ಅಂಗ್ ಕಣ್ ಬುಡ್ತೀಯ?" ಎಂದು ಕಿಟಕಿ ಹಾಕಿಕೊಂಡಳು.

ಸೆಪ್ಟೆಂಬರ್ 29, ಸೋಮವಾರ

ಇಂದು ಮತ್ತೆ ರಕ್ತ. ಮಧ್ಯೆ ಸ್ವಲ್ಪ ದಿನ ಇರಲಿಲ್ಲ. ಯಾಕೆ ಗೊತ್ತಿಲ್ಲ. ತಮಾಷೆ ಏನೂ ಹೊಳೆಯುತ್ತಿಲ್ಲ.

ಅಕ್ಟೋಬರ್ 7, ಮಂಗಳವಾರ

ರಕ್ತ ಬಂದದ್ದಕ್ಕೆ ಕಾರಣ ಸಿಕ್ಕಿತು. ಅವ್ವ ಬೇಗ ವಾಸಿಯಾಗಲೆಂದು ಪಾತ್ರೆ ತಿಕ್ಕುವ ಹಾಗೆ ತಿಕ್ಕುತ್ತಿದ್ದಳು! "ಮೆಲ್ಲಕೆ ಅಂದ್ರ್ ಕೊಳೆ ಓಯ್ತದೇನ್ಲಾ?" ಅವಳ ಕೈ ಹಿಡಿದು ತೋರಿಸಿದೆ, ಕರುವಿನ ಮೈ ಸವರುವ ಹಾಗೆ. ಅದು ಅವಳಿಗೆ ತಕ್ಷಣ ಗೊತ್ತಾಯಿತು. ಹಲ್ಲಿನ ಸಂದಿಯ ಪುಟ್ಟ ಬ್ರಷ್ಷು ಮಾತ್ರ ಇನ್ನೂ ಅವಳಿಗೆ ಒಗ್ಗಿಲ್ಲ. "ಅದ್ರ ಬದ್ಲು ಸೊಪ್ ಕಟ್ಟೋ ದಾರ ಎಳಿ, ಮೂಟೆಗಟ್ಲೆ ಬಿದ್ದದೆ" ಎಂದು ಅಪ್ಪನ ಸಲಹೆ. ತಿರಸ್ಕರಿಸಲಾಗಿದೆ.

ಅದೇ ಅಪ್ಪ ಸಂಜೆ ಕೊಟ್ಟಿಗೆಯ ಹಿಂದೆ ನನ್ನನ್ನು ಕರೆದು, ಯಾರೂ ಇಲ್ಲವೆಂದು ನೋಡಿಕೊಂಡು, "ಆ ಮೆತ್ನೆ ಬ್ರಷ್ಷು... ಪ್ಯಾಟೆಗ್ ಓದಾಗ ಇನ್ನೊಂದ್ ತಾ" ಎಂದ.

ಮತ್ತೊಂದು. ಜಗಲಿಯಲ್ಲಿ ಅಜ್ಜಿ ಡಬ್ಬಿ ತೆಗೆದಳು. ತಾನು ಹಾಕಿಕೊಂಡಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ತೆಗೆದು, "ತಗಳವ್ವ" ಎಂದಳು. ಅವ್ವ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಇಬ್ಬರೂ ರಸ್ತೆ ನೋಡುತ್ತಾ ಕೂತರು. ನನಗೆ ಒಳಗೆ ಕೆಲಸವಿತ್ತು, ಹೋದೆ.

ಅಕ್ಟೋಬರ್ 22, ಬುಧವಾರ

ದೀಪಾವಳಿ ಮುಗಿಯಿತು ಎಂದರೆ ಡಾಕ್ಟರ ಗಡುವೂ ಮುಗಿಯಿತು. ನನಗೆ ಊಟ ಸೇರುತ್ತಿಲ್ಲ. ಅವ್ವ ಬಾಯಿ ತೆರೆದಾಗಲೆಲ್ಲ ಆ ಎರಡನ್ನೇ ನೋಡುತ್ತೇನೆ. ಏನು ಮಾತಾಡಿದಳೆಂಬುದು ತಲೆಗೆ ಹೋಗುವುದಿಲ್ಲ.

ಇಂದು ಅವಳು ಬಿಸಿ ಕಜ್ಜಾಯ ತಂದು, "ಬೆಣ್ಣೆ ಹಚ್ಚಿವ್ನಿ, ಕಣ್ಮುಚ್ಕೊಂಡು ತಿನ್ನು. ಕಣ್ ಬುಟ್ರೆ ದೋಷ" ಎಂದಳು. ನಾನು ನಂಬಿ ಕಚ್ಚಿದೆ. ಬೆಣ್ಣೆಯಲ್ಲ, ಟೂತ್‌ಪೇಸ್ಟು! ನಾನು ಥೂ ಎಂದು ಅಂಗಳಕ್ಕೆ ಓಡಿದರೆ ಅವ್ವ ಕಂಬ ಹಿಡಿದುಕೊಂಡು ನಗುತ್ತಿದ್ದಳು. "ಪೂಜಾರಪ್ಪ ಏಳಿದ್ದು ಕಣ್ಲಾ!" ಪಕ್ಕದ ಮನೆಯವರೆಲ್ಲ ಹೊರಗೆ ಬಂದರು. ತಲೆ ಹಿಂದಕ್ಕೆ ಹಾಕಿ, ಬಾಯಿ ಪೂರ್ತಿ ತೆರೆದು ನಗುತ್ತಿದ್ದುದರಿಂದ ಕೆಳಗಿನವು ಅಲ್ಲಾಡುತ್ತಿವೆಯೇ ಇಲ್ಲವೇ ಎಂದು ನೋಡಲು ಆಗಲೇ ಇಲ್ಲ. ಒಂದು ಕಜ್ಜಾಯವೂ ದಂಡ.

ಇಂಥ ಗಂಭೀರ ಪರಿಸ್ಥಿತಿಯಲ್ಲಿ ಈ ಹೆಂಗಸಿಗೆ ತಮಾಷೆ ಹೇಗೆ ಹೊಳೆಯುತ್ತದೋ.

ನವೆಂಬರ್ 3, ಸೋಮವಾರ

ಹೋಗಿ ಬಂದೆವು.

ಬಸ್ಸಿನಲ್ಲಿ ಅವ್ವ ಕಡಲೆಕಾಯಿ ಕೊಂಡು ಸಿಪ್ಪೆ ಬಿಡಿಸಿ ಕೊಡುತ್ತಿದ್ದಳು. ನಾನು ಅವನ್ನು ಜೇಬಿಗೆ ಹಾಕಿಕೊಳ್ಳುತ್ತಾ ಹೋದೆ. ಕ್ಲಿನಿಕ್ಕಿನಲ್ಲಿ ಅವಳನ್ನು ಕುರ್ಚಿಗೆ ಕೂರಿಸಿದಾಗ ನಾನು ಹೊರಗೆ ಬಂದು ನಿಂತೆ. ಅವ್ವನೇ ಕೂಗಿದಳು, "ಬಾರ್ಲಾ ಒಳಕ್ಕೆ. ಟಾರ್ಚ್ ಇಡ್ಯೋರಿಲ್ದೆ ನಂಗ್ ಬಾಯ್ ತೆಗಿಯಾಕ್ ಬರಾಕಿಲ್ಲ."

ಡಾಕ್ಟರು ಸಣ್ಣ ಕಡ್ಡಿಯಿಂದ ಒಂದೊಂದೇ ಹಲ್ಲಿನ ಬುಡ ಮುಟ್ಟಿ ನೋಡಿದರು. ರಕ್ತ ಬರಲಿಲ್ಲ. ಮತ್ತೊಮ್ಮೆ ಮುಟ್ಟಿದರು. ಬರಲಿಲ್ಲ.

"ವಸಡು ಚೆನ್ನಾಗಿ ಬಿಗಿಯಾಗಿದೆ. ಪಕ್ಕದ ಹಲ್ಲುಗಳೆಲ್ಲ ಗಟ್ಟಿ. ಅಲ್ಲಾಡ್ತಿದ್ದ ಎರಡ್ರಲ್ಲಿ ಎಡಗಡೆದು ಉಳಿಯುತ್ತೆ. ಬಲಗಡೆದಕ್ಕೆ ಕೆಳಗೆ ಮೂಳೆನೇ ಉಳಿದಿಲ್ಲಮ್ಮ, ತೆಗೀಬೇಕು. ಸವೆದ ಮೂಳೆ ಮತ್ತೆ ಬೆಳೆಯೋದಿಲ್ಲ. ಇರೋದನ್ನ ಕಾಯ್ಕೋಬೇಕು, ದಿನಾ ಹೀಗೇ, ಯಾವತ್ತೂ."

ಅರ್ಧ ಗೆಲುವಿಗೆ ಯಾವ ಮುಖ ಮಾಡಬೇಕೆಂದು ನನಗೆ ತಿಳಿಯಲಿಲ್ಲ. "ಎಲ್ಲ ಸರಿಯಾಗಿ ಮಾಡಿದ್ವಲ್ಲ ಮೇಡಂ" ಎಂದೆ.

ಅವ್ವ ನನ್ನ ಕಡೆ ನೋಡಿ, "ಒಂದ್ ಓದ್ರೆ ಓಗ್ಲಿ ಬುಡು. ಎಲ್ಲಾ ಓಯ್ತದೆ ಅಂತ ತಾನೆ ನಿಮ್ಮಜ್ಜಿ ಅಂದಿದ್ದು? ತೆಗೀರಮ್ಮ" ಎಂದಳು.

ತೆಗೆದರು. ಹತ್ತಿ ಕಚ್ಚಿಕೊಂಡು ಕೂತವಳನ್ನು ನೋಡಿ ಡಾಕ್ಟರು, "ಇಷ್ಟು ಚೆನ್ನಾಗಿ ಯಾರೂ ಪಾಲಿಸೋದಿಲ್ಲ. ಹೆಂಗೆ ಮಾಡಿದ್ರಿ?" ಎಂದರು. ಅವ್ವ ಹತ್ತಿಯ ಸಂದಿಯಿಂದಲೇ, "ನನ್ ಮಗ ಕಣಮ್ಮ. ದಿನಾ ಉಣ್ತಿದ್ದಂಗೇ ಬಚ್ಚಲ್ ಬಾಗ್ಲಲ್ಲಿ ಪೊಲೀಸ್ನಂಗ್ ನಿಂತ್ಕತ್ತನೆ" ಎಂದಳು. ಡಾಕ್ಟರು ನನ್ನನ್ನು ಮೆಚ್ಚಿಗೆಯಿಂದ ನೋಡಿ, "ಹಾಗಾದ್ರೆ ನಿಮ್ಮ ಮಗನ ವಸಡು ನೋಡೋ ಅಗತ್ಯಾನೇ ಇಲ್ಲ ಬಿಡಿ" ಎಂದರು. ನಾನು ಎದೆಯ ಮೇಲೆ ಕೈಯಿಟ್ಟು ಗಂಭೀರವಾಗಿ ತಲೆಬಾಗಿದೆ.

ಮಹಾಸ್ವಾಮಿ, ತಮ್ಮ ಮುಂದೆ ಮಾತ್ರ ಹೇಳಬಹುದಾದ ಒಂದು ಸಣ್ಣ ವಿಷಯ. ಇಷ್ಟು ದಿನವೂ ಬಚ್ಚಲ ಬಾಗಿಲಲ್ಲಿ ಟಾರ್ಚು ಹಿಡಿದು ನಿಂತವನು ಒಂದು ರಾತ್ರಿಯೂ ತನ್ನ ಹಲ್ಲುಜ್ಜಿಲ್ಲ. ಇಂದು ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ನಾನು ಹಲ್ಲುಜ್ಜಿ ಉಗುಳಿದ್ದು ಕೆಂಪಾಗಿತ್ತು. ಅವ್ವ ನೋಡುವ ಮೊದಲೇ ಒಂದು ಚೊಂಬು ನೀರು ಹುಯ್ದುಬಿಟ್ಟೆ.